ನಾಮಿನಿ ಇದ್ದರೆ ಸಾಲದು, ವಿಲ್ ಬರೆದಿಡಿ

ಬೆಂಗಳೂರಲ್ಲಿ ಸೈಟೋ ಫ್ಲಾಟೋ ಇರುವವರಿಗೆ ಒಂದು ಮಾತು. ಬ್ಯಾಂಕಿನಲ್ಲಿ ನಾಮಿನಿ ಹೆಸರು ಕೊಟ್ಟಾಯ್ತು ಅಂತ ಸುಮ್ನೆ ಕೂರಬೇಡಿ. ನಾಮಿನಿ ಹಣ ತೆಗೆದುಕೊಳ್ಳಬಹುದು ಅಷ್ಟೇ, ಅದು ಸೇರಬೇಕಾದ್ದು ವಾರಸುದಾರರಿಗೆ. ಅದಕ್ಕೇ ವಿಲ್ ಬೇಕು. ಛಾಪಾ ಕಾಗದವೇನೂ ಬೇಡ, ಬಿಳಿ ಹಾಳೆ ಸಾಕು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ಅವರಿಂದಲೂ ಸಹಿ ಹಾಕಿಸಿ. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ. ನೋಂದಣಿ ಕಡ್ಡಾಯವಲ್ಲ. ಆದರೆ ಅಣ್ಣತಮ್ಮಂದಿರಲ್ಲಿ ಕಿರಿಕಿರಿ ಇದ್ದರೆ (ಎಲ್ಲಿಲ್ಲ, ಅಲ್ವಾ?) ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮಾಡಿಸುವುದೇ ವಾಸಿ.

ಆಸ್ಪತ್ರೆಯದು ಬೇರೆ ಪತ್ರ. ವಾಸಿಯಾಗದ ಕಾಯಿಲೆಯಲ್ಲಿ ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ, ಯಾರು ತೀರ್ಮಾನಿಸಬೇಕು ಅಂತ ಬರೆದಿಡುವ ಲಿವಿಂಗ್ ವಿಲ್ ಅನ್ನು ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿದೆ. 2023ರಿಂದ ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಇದ್ದರೂ ನಡೆಯುತ್ತದೆ. ಒಂದು ಪ್ರತಿ ಮಕ್ಕಳ ಹತ್ತಿರ ಇರಲಿ.