ನೋಟ್‌ಬುಕ್ ಮನೆಗೆ ತರೋದು ಬಿಟ್ಟೆ

ಗದಗ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಟೀಚರ್ ಆಗಿದ್ದೇನೆ. ಮನೆಯಿಂದ 26 ಕಿ.ಮೀ. ಇರಬಹುದು. ಮನೆಯಲ್ಲಿ ಎರಡು ಮಕ್ಕಳು, ಅತ್ತೆ, ನಮ್ಮನೆಯವರು. ಎಫ್‌ಎ, ಎಸ್‌ಎ ಅನ್ನೋ ಪರೀಕ್ಷೆಗಳು, ಮಕ್ಕಳ ವಿವರ ಆನ್‌ಲೈನ್‌ನಲ್ಲಿ ತುಂಬೋ ಸ್ಯಾಟ್ಸ್ ಎಲ್ಲ ಟೀಚರ್ ಆಗಿರೋ ನಿಮಗೂ ಗೊತ್ತಿರೋದೇ.

ಮೊದಲು ನಾನೂ ನೋಟ್‌ಬುಕ್ ಚೀಲಕ್ಕೆ ತುಂಬಿಕೊಂಡು ಮನೆಗೆ ತರುತ್ತಿದ್ದೆ. ಪಾತ್ರೆ ತೊಳೆದು ಹನ್ನೊಂದಕ್ಕೆ ಕೂತರೆ ಏಳುವಾಗ ಒಂದು ಗಂಟೆ. ಒಂದಿನ ಐದನೇ ತರಗತಿಯ ಹುಡುಗಿ ಪುಸ್ತಕ ಹಿಡಿದು ಬಂದಳು. "ಟೀಚರ್, ಏಳ್ ಎಂಟ್ಲೆ ಐವತ್ನಾಲ್ಕು ಅಂತ ಬರ್ದೀನ್ರಿ, ನೀವು ರೈಟ್ ಹಾಕೀರಿ." ಕೆಂಪು ಪೆನ್ನಿನ ಗೆರೆ, ಕೆಳಗೆ ನನ್ನ ಸಹಿ. ಇನ್ನು ಸಾಕು ಅನ್ನಿಸಿತು.

4.30ರ ಬಸ್ಸಿಗೆ ಓಡೋದು ನಿಲ್ಲಿಸಿದೆ. ಶಾಲೆಯಲ್ಲೇ ಕೂತು ತಿದ್ದಿ 5.20ರ ಬಸ್ಸು ಹಿಡಿಯೋದು, ಇಷ್ಟೇ. ದಿನಕ್ಕೆ ಇಪ್ಪತ್ತು ಪುಸ್ತಕ. ಸ್ಟಾಫ್ ರೂಮಿನಲ್ಲಿ ಎಲ್ಲರೂ, "ಮಕ್ಕಳು ಇರೋ ಹೆಣ್ಮಗಳು ತಡ ಮಾಡಿ ಹೋಗ್ತಾಳಂತ" ಅಂದರು. ಆದರೆ ಮನೆಗೆ ಹೋದ ಮೇಲೆ ನಾನು ಪೂರ್ತಿ ಮನೆಯಲ್ಲೇ ಇರುತ್ತೇನೆ. ಮುಂಚೆ ಬೇಗ ಹೋಗಿಯೂ ಇರುತ್ತಿರಲಿಲ್ಲ.

ಸಂಜೆ ಅಡುಗೆಗೆ ಮೊದಲು ಒಬ್ಬರನ್ನು ಇಟ್ಟೆ. ತಿಂಗಳಿಗೆ 3,500. ಮೂರು ತಿಂಗಳಿಗೆ ಬಿಟ್ಟು ಹೋದರು. ಆಮೇಲೆ ಅರ್ಧ ಬೇಯಿಸಿದ ಚಪಾತಿ ಫ್ರಿಜ್ಜಿನಲ್ಲಿ ಇಟ್ಟು ನೋಡಿದೆ. ನಮ್ಮ ಕರೆಂಟಿಗೆ ಅದು ಆಗಲಿಲ್ಲ, ಎರಡು ಸಲ ವಾಸನೆ ಬಂದು ಎಸೆದೆ.

ಕೊನೆಗೆ ದಾರಿ ಸಿಕ್ಕಿದ್ದು ಬಸ್ಸಿನ ದುಡ್ಡಿನಿಂದ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೆ ತಿಂಗಳಿಗೆ ಸಾವಿರದ ಮೇಲೆ ಉಳಿಯಿತು. ಅದನ್ನ ಪೂರ್ತಿ ಖಡಕ್ ರೊಟ್ಟಿಗೆ ಹಾಕಿದೆ. ಮಹಿಳಾ ಸಂಘದವರು ಬಡಿದು ಕೊಡುತ್ತಾರೆ, ಒಂದಕ್ಕೆ 7 ರೂಪಾಯಿ ಹಾಗೆ, ತಿಂಗಳಿಗೆ 150. ಅತ್ತೆ, "ಮನ್ಯಾಗ ರೊಟ್ಟಿ ಬಡಿಯೋ ಕೈ ಇಲ್ಲೇನು?" ಅಂತ ಎರಡು ದಿನ ಮಾತು ಬಿಟ್ಟರು. ಅವರಿಗೆ ಹಲ್ಲಿನ ತೊಂದರೆಯೂ ಇದೆ. ರೊಟ್ಟಿಗೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷ ಸುತ್ತಿಟ್ಟರೆ ಮೆತ್ತಗಾಗುತ್ತೆ. ಜೊತೆಗೆ ಗುರೆಳ್ಳು ಚಟ್ನಿ, ಮೊಸರು. ಈಗ ತಿನ್ನುತ್ತಾರೆ.

ಬೆಳಗಿನ ಡಬ್ಬಿ ನಮ್ಮನೆಯವರಿಗೆ ವಹಿಸಿದೆ. ಮೊದಲ ವಾರ ನಾಲ್ಕು ದಿನ ಬರೀ ಅವಲಕ್ಕಿ ಕಟ್ಟಿದರು. ಮಗ ಮುಖ ಊದಿಸಿಕೊಂಡ. ನಾನು ಬಾಯಿ ಬಿಡಲಿಲ್ಲ, ಒಲೆ ಹತ್ತಿರ ಹೋಗಲೂ ಇಲ್ಲ. ಎಲ್ಲಕ್ಕಿಂತ ಕಷ್ಟ ಆಗಿದ್ದು ಇದೇ. ಅವರಿಗೆ ಈಗ ಉಪ್ಪಿಟ್ಟು, ಚಿತ್ರಾನ್ನ, ಪಡ್ಡು ಬರುತ್ತೆ. ಪಡ್ಡು ನನ್ನದಕ್ಕಿಂತ ಚೆನ್ನಾಗಿದೆ.

180 ದಿನದ ಶಿಶುಪಾಲನಾ ರಜೆಯಲ್ಲಿ ಒಂದು ದಿನವೂ ಮುಟ್ಟಿಲ್ಲ. ಮಗ ಹತ್ತನೇ ತರಗತಿಗೆ ಬಂದಾಗ ಬೇಕು. ಹೋದ ವರ್ಷ ಸಿಆರ್‌ಪಿ (ನಮ್ಮ ಕ್ಲಸ್ಟರ್‌ನ ಶಾಲೆಗಳನ್ನ ನೋಡಿಕೊಳ್ಳೋ ಸಂಪನ್ಮೂಲ ವ್ಯಕ್ತಿ) ಬಂದು ನೋಡಿದಾಗ ತಿದ್ದದ ಪುಸ್ತಕ ಒಂದೂ ಸಿಗಲಿಲ್ಲ. ಸ್ಯಾಟ್ಸ್ ಎಂಟ್ರಿ ನಾನು ಹೇಗೆ ಬೇಗ ಮುಗಿಸುತ್ತೇನೆ ಅಂತ ಸುಮಾರು ಜನ ಕೇಳಿದ್ದಾರೆ. ಅದು ನನ್ನ ಹತ್ತಿರವೇ ಇರಲಿ.

ಸಮೀಕ್ಷೆ, ಚುನಾವಣೆ ಕೆಲಸ ಬಿದ್ದಾಗ ಮಾತ್ರ ಇದು ನಡೆಯೋದಿಲ್ಲ. ಆಗ ಮನೆಗೆ ಬರೋದೇ ರಾತ್ರಿ. ಆ ದಿನಗಳಿಗೆ ಅಂತ 50 ರೊಟ್ಟಿ ಜಾಸ್ತಿ ಹೇಳಿ ಇಡುತ್ತೇನೆ.