ಕಲಬುರಗಿ ಅಂತ ಹುಡುಕಿದಾಗ ಸಿಗದವರು

ಸೂಪರ್ ಮಾರ್ಕೆಟ್ ಹತ್ತಿರ ಮಹಡಿ ಮೇಲೆ ಒಂದು ಕೋಣೆ, ಎರಡು ಲ್ಯಾಪ್‌ಟಾಪ್, ನಾನು, ಮಧ್ಯಾಹ್ನದ ತನಕ ಇರುವ ಒಬ್ಬ ಹುಡುಗಿ. ನನ್ನ ಆಫೀಸು ಇಷ್ಟೇ. ಬೆಂಗಳೂರು, ಹೈದರಾಬಾದಿನ ಸಣ್ಣ ಕಂಪನಿಗಳಿಗೆ ಇಲ್ಲಿಂದಲೇ ಸಾಫ್ಟ್‌ವೇರ್ ಕೆಲಸದವರನ್ನು ಹುಡುಕಿ ಕೊಡುತ್ತೇನೆ.

ಮೊದಲ ವರ್ಷ ಎಲ್ಲರಂತೆ ಜಾಬ್ ಪೋರ್ಟಲ್‌ಗೆ ದುಡ್ಡು ಕಟ್ಟಿ ರೆಸ್ಯೂಮೆ ಇಳಿಸಿಕೊಂಡೆ. ಫೋನ್ ಮಾಡಿದರೆ ಜಾವಾ ಭಾಷೆಯಲ್ಲಿ ಕೋಡ್ ಬರೆಯುವ ಒಬ್ಬ ಹುಡುಗ, "ಮುಂಜಾನೆಯಿಂದ ನೀವು ಏಳನೇವ್ರು ನೋಡ್ರಿ ಮೇಡಂ" ಅಂದ. ದೊಡ್ಡ ಏಜೆನ್ಸಿಗಳು ಬಲೆ ಬೀಸಿದ ಕೆರೆಯಲ್ಲೇ ನಾನೂ ಗಾಳ ಹಾಕಿ ಕೂತಿದ್ದೆ. ಆ ಹಣ ಹೋಯಿತು, ಬಿಡಿ.

ದಾರಿ ಸಿಕ್ಕಿದ್ದು ಗಿಟ್‌ಹಬ್‌ನಲ್ಲಿ, ಪ್ರೋಗ್ರಾಮರ್‌ಗಳು ತಾವು ಬರೆದ ಕೋಡ್ ಇಡುವ ತಾಣ ಅದು. ಅಲ್ಲಿ ಊರಿನ ಹೆಸರು, ಪ್ರೋಗ್ರಾಮಿಂಗ್ ಭಾಷೆ ಎರಡನ್ನೂ ಕೊಟ್ಟು ಜನರನ್ನು ಹುಡುಕಬಹುದು. ಕಲಬುರಗಿ ಅಂತ ಹಾಕಿದೆ, ಬೆರಳೆಣಿಕೆಯಷ್ಟು ಜನ ಬಂದರು. ಇಷ್ಟೇನಾ ನಮ್ಮೂರು ಅಂತ ಬೇಜಾರಾಯಿತು. ಚಹಾ ಕುಡಿಯುವಾಗ ಹೊಳೆಯಿತು: ಊರಿನ ಹೆಸರು ಸರ್ಕಾರದ ಲೆಕ್ಕದಲ್ಲಿ ಬದಲಾದದ್ದು 2014ರ ನವೆಂಬರ್ 1ಕ್ಕೆ, ಜನ ಪ್ರೊಫೈಲ್‌ನಲ್ಲಿ ಎಲ್ಲಿ ಬದಲಾಯಿಸಿದ್ದಾರೆ? ಗುಲ್ಬರ್ಗಾ ಅಂತ ಹಾಕಿದ ಕೂಡಲೇ ಪಟ್ಟಿ ಉದ್ದವಾಯಿತು. ಆಮೇಲೆ ಇಂಗ್ಲಿಷ್‌ನಲ್ಲಿ ಜನ ತಪ್ಪಾಗಿ ಬರೆಯುವ ಎಲ್ಲ ಸ್ಪೆಲ್ಲಿಂಗ್‌ಗಳನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಕಾಲೇಜಿಗೂ ಇದೇ ಕಥೆ. ನಮ್ಮ ಪಿಡಿಎ ಎಂಜಿನಿಯರಿಂಗ್ ಕಾಲೇಜನ್ನು ಒಬ್ಬರು ಚುಕ್ಕಿ ಇಟ್ಟು ಬರೆಯುತ್ತಾರೆ, ಒಬ್ಬರು ಚುಕ್ಕಿ ಇಲ್ಲದೆ, ಇನ್ನೊಬ್ಬರು ಪೂಜ್ಯ ದೊಡ್ಡಪ್ಪ ಅಪ್ಪ ಅಂತ ಪೂರ್ತಿ. ಗೂಗಲ್‌ನಲ್ಲಿ ಹುಡುಕಾಟವನ್ನು ಲಿಂಕ್ಡ್‌ಇನ್ ಪುಟಗಳಿಗಷ್ಟೇ ಸೀಮಿತ ಮಾಡಿ ಪ್ರತಿಯೊಂದನ್ನೂ ಬೇರೆ ಬೇರೆ ಹಾಕುತ್ತೇನೆ. ಹೀಗೆ ಸಿಗುವವರಲ್ಲಿ ಬಹಳ ಜನ ಕೆಲಸ ಹುಡುಕುತ್ತಲೇ ಇರುವುದಿಲ್ಲ. ಬೆಂಗಳೂರಲ್ಲಿ ಕೂತು ಊರಿನ ನೆನಪಲ್ಲಿರುವವರು. ಮನೆಯಿಂದ ಕೆಲಸ ಅಂದರೆ ಕಿವಿ ನಿಮಿರುತ್ತದೆ. ಶರಣಬಸವೇಶ್ವರ ಜಾತ್ರೆಗೆ ಬಂದಾಗ ಎದುರಾಬದುರು ಕೂತು ಮಾತಾಡಿದರೆ ಅರ್ಧ ಕೆಲಸ ಮುಗಿದಂತೆ.

ನನಗೆ ಕೋಡ್ ಬರುವುದಿಲ್ಲ. ಆದರೆ ದಿನಾಂಕ ಓದಲು ಬರುತ್ತದೆ. ಗಿಟ್‌ಹಬ್‌ನಲ್ಲಿ ಇಡೀ ಪ್ರಾಜೆಕ್ಟ್ ಒಂದೇ ದಿನ ಒಂದೇ ಏಟಿಗೆ ಏರಿಸಿದ್ದರೆ ಯೂಟ್ಯೂಬ್ ನೋಡಿ ಮಾಡಿದ್ದಿರಬಹುದು ಅಂತ ಅನುಮಾನ ಪಡುತ್ತೇನೆ. ನಾಲ್ಕು ತಿಂಗಳು ಹರಡಿ, ನಡುವೆ 'ತೂಕದ ಲೆಕ್ಕ ತಪ್ಪಿತ್ತು, ಸರಿ ಮಾಡಿದೆ' ಅನ್ನುವಂಥ ಟಿಪ್ಪಣಿ ಇದ್ದರೆ ನಿಲ್ಲುತ್ತೇನೆ. ಒಬ್ಬ ಹುಡುಗ ಮಾವನ ದಾಲ್ ಮಿಲ್ಲಿಗೆ ತೊಗರಿ ಚೀಲದ ಬಿಲ್ಲಿಂಗ್ ಬರೆದಿದ್ದ, ಖಾಲಿ ಚೀಲದ ತೂಕ ಕಳೆಯುವುದನ್ನೂ ಸೇರಿಸಿ. ಅವನಿಗೆ ಕಳಿಸಿದ ಮೊದಲ ಮೆಸೇಜಿನಲ್ಲಿ ಕೆಲಸದ ಸುದ್ದಿಯೇ ಇರಲಿಲ್ಲ, ಚೀಲದ ಲೆಕ್ಕ ಕೇಳಿದ್ದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು.

ಒಮ್ಮೆ ಮಾತ್ರ ಮರ್ಯಾದೆ ಹೋಯಿತು. ವಿಡಿಯೋ ಸಂದರ್ಶನದಲ್ಲಿ ಹುಡುಗನ ತುಟಿ ಒಂದು ಕಡೆ, ಮಾತು ಒಂದು ಕಡೆ. ಉತ್ತರ ಹೇಳುತ್ತಿದ್ದವನು ಬೇರೆಯವನು. ಆ ಕಂಪನಿ ಮತ್ತೆ ನನಗೆ ಫೋನ್ ಮಾಡಲಿಲ್ಲ. ಅಂದಿನಿಂದ ಕಂಪನಿಗೆ ಕಳಿಸುವ ಮುಂಚೆ ನಾನೇ ಒಂದು ತಾಸು ಕೂರಿಸುತ್ತೇನೆ: ಸ್ಕ್ರೀನ್ ತೋರಿಸಿ, ನಿಮ್ಮದೇ ಕೋಡ್ ತೆರೆಯಿರಿ, ಒಂದು ಬದಲಾವಣೆ ಮಾಡಿ. ಪಕ್ಕದಲ್ಲಿ ಕೋಡ್ ಬಲ್ಲ ನನ್ನ ಗೆಳತಿ, ಅವಳ ತಾಸಿನ ಫೀಸು ನನ್ನ ಜೇಬಿನಿಂದ.

ಆಳಂದ ಕಡೆಯ ಒಬ್ಬ ಹುಡುಗಿ ಇಂಗ್ಲಿಷ್‌ನಲ್ಲಿ ಎರಡು ವಾಕ್ಯಕ್ಕೇ ತಡವರಿಸಿದಳು. ಕನ್ನಡದಲ್ಲೇ ಹೇಳಮ್ಮಾ ಅಂದೆ. ಬಿಲ್ ಆಗದ ಗ್ರಾಹಕರೂ ಪಟ್ಟಿಯಲ್ಲಿ ಬರಬೇಕು, ಬರುತ್ತಿಲ್ಲ, ಯಾಕೆ ಅನ್ನೋದು ಪ್ರಶ್ನೆ. ಎರಡು ಪಟ್ಟಿ ಜೋಡಿಸುವಾಗ ಮೊದಲ ಪಟ್ಟಿಯ ಎಲ್ಲರನ್ನೂ ಉಳಿಸಿಕೊಳ್ಳುವ ಲೆಫ್ಟ್ ಜಾಯಿನ್ ಅನ್ನು ಅವಳು ಸರಿಯಾಗೇ ಹಾಕಿದ್ದಳು. ಪರದೆ ನೋಡುತ್ತಾ ಗೊಣಗಿಕೊಂಡಳು: "ಬಿಲ್ ತಾರೀಖಿನ ಷರತ್ತು ವೇರ್‌ನಾಗ ಹಾಕೀನಿ. ಬಿಲ್ ಇಲ್ಲದವ್ರಿಗೆ ತಾರೀಖೇ ಇಲ್ಲ, ಅವ್ರೆಲ್ಲಾ ಅಲ್ಲೇ ಉದುರಿ ಹೋಗ್ಯಾರ." ವೇರ್ ಅಂದರೆ ಪಟ್ಟಿ ಜೋಡಿಸಿದ ಮೇಲೆ ಸೋಸುವ ಜಾಗ. ಆ ಸಾಲನ್ನು ಆನ್ ಕಡೆಗೆ, ಅಂದರೆ ಜೋಡಿಸುವಾಗಲೇ ನೋಡುವ ಷರತ್ತಿನ ಜಾಗಕ್ಕೆ ಸರಿಸಿದಳು, ಪಟ್ಟಿ ಪೂರ್ತಿ ಬಂತು. ಗೆಳತಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಕಂಪನಿಗೆ ಆ ಐದು ನಿಮಿಷದ ರೆಕಾರ್ಡಿಂಗನ್ನು, ಅವಳ ಒಪ್ಪಿಗೆ ಪಡೆದು, ರೆಸ್ಯೂಮೆಗಿಂತ ಮೇಲಿಟ್ಟು ಕಳಿಸಿದೆ.

ದುಡ್ಡಿನ ಮಾತು. ವರ್ಷದ ಸಂಬಳದ ಶೇ. 8.33, ಅಂದರೆ ಒಂದು ತಿಂಗಳ ಸಂಬಳ, ಕಂಪನಿಯಿಂದ. ಅದೂ ಅಭ್ಯರ್ಥಿ ಸೇರಿದ ಮೇಲೆ. 90 ದಿನದೊಳಗೆ ಬಿಟ್ಟರೆ ಬದಲಿ ಹುಡುಕಿ ಕೊಡಬೇಕು. ಅಭ್ಯರ್ಥಿಯಿಂದ ಒಂದು ಪೈಸೆ ಇಲ್ಲ. ಆದರೂ ಅಪ್ಪಂದಿರು ಕವರ್ ಹಿಡಿದು ಬರುತ್ತಾರೆ, "ಎಷ್ಟು ಕೊಡಬೇಕ್ರಿ?" ಅಂತ. ಚಹಾ ಕುಡಿಸಿ ಕಳಿಸುತ್ತೇನೆ.

ನಿಜವಾದ ಕಾಟ ಮೂರು ತಿಂಗಳ ನೋಟಿಸ್ ಪಿರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಹಳೆ ಕಂಪನಿಯಲ್ಲಿ ಇರಬೇಕಾದ ಅವಧಿ. ಆಫರ್ ಒಪ್ಪಿಕೊಂಡವನು ಆ ಮೂರು ತಿಂಗಳಲ್ಲಿ ಅದೇ ಕಾಗದ ತೋರಿಸಿ ಇನ್ನೆರಡು ಕಡೆ ಚೌಕಾಶಿ ಮಾಡುತ್ತಾನೆ. ಒಬ್ಬ ಸೇರುವ ಹಿಂದಿನ ಸಂಜೆ ಫೋನ್ ಆಫ್ ಮಾಡಿದ. ಈಗ ಹತ್ತು ದಿನಕ್ಕೊಮ್ಮೆ ನಾನೇ ಫೋನ್ ಮಾಡುತ್ತೇನೆ. ಮೊದಲ ಭೇಟಿಯಲ್ಲೇ, ಈಗಿನ ಕಂಪನಿ ಸಂಬಳ ಏರಿಸಿದರೆ ಏನು ಮಾಡ್ತೀರಿ ಅಂತ ನೇರ ಕೇಳುತ್ತೇನೆ. "ಅಲ್ಲೇ ಇರ್ತೀನ್ರಿ" ಅಂದವರೂ ಇದ್ದಾರೆ. ಅವರ ನಂಬರನ್ನು ಬೇರೆ ಪಟ್ಟಿಯಲ್ಲಿ ಇಟ್ಟುಕೊಂಡಿದ್ದೇನೆ. ವರ್ಷ ಬಿಟ್ಟು ಅವರಲ್ಲಿ ಇಬ್ಬರು ತಾವಾಗಿಯೇ ಫೋನ್ ಮಾಡಿದರು.