ಗ್ಯಾಲಕ್ಸಿ ಎಸ್9: ಯು ಮಾಡೆಲ್‌ಗೆ ಯು1 ಫರ್ಮ್‌ವೇರ್ ಹಾಕಿದ್ದು ಹೀಗೆ

ಅಮೆರಿಕದ ಕ್ಯಾರಿಯರ್ (ಮೊಬೈಲ್ ಸೇವಾ ಕಂಪನಿ) ಮಾರಿದ ಸ್ಯಾಮ್‌ಸಂಗ್ ಫೋನ್, ಮಾಡೆಲ್ ಎಸ್‌ಎಂ-ಜಿ960ಯು. ಕ್ಯಾರಿಯರ್ ಆ್ಯಪ್‌ಗಳಿಲ್ಲದ ಯು1 (ಅನ್‌ಲಾಕ್ಡ್ ಮಾಡೆಲ್) ಫರ್ಮ್‌ವೇರ್, ಅಂದರೆ ಫೋನ್ ನಡೆಸುವ ಮೂಲ ತಂತ್ರಾಂಶ, ಹಾಕಲು ಹೋದರೆ ಅದನ್ನು ಕಂಪ್ಯೂಟರ್‌ನಿಂದ ತುಂಬುವ ಮಾಮೂಲಿ ಓಡಿನ್ ಪ್ರೋಗ್ರಾಂ ಶುರುವಾದ ಕೂಡಲೇ ಕೆಂಪು ಫೇಲ್ ತೋರಿಸಿ, ಲಾಗ್‌ನಲ್ಲಿ ಮಾಡೆಲ್ ಹೊಂದುತ್ತಿಲ್ಲ ಎನ್ನುತ್ತದೆ.

ಕೇಬಲ್ ಬದಲಿಸಿದ್ದು, ಬೇರೆ ಯುಎಸ್‌ಬಿ ಪೋರ್ಟ್, ಡ್ರೈವರ್ ಮರುಸ್ಥಾಪನೆ, ಫರ್ಮ್‌ವೇರ್ ಮತ್ತೆ ಡೌನ್‌ಲೋಡ್: ಯಾವುದೂ ಉಪಯೋಗಕ್ಕೆ ಬರಲಿಲ್ಲ. ತಡೆ ಇರುವುದು ಮಾಡೆಲ್ ತಪಾಸಣೆಯಲ್ಲಿ. ಅದನ್ನು ದಾಟಿಸುವುದು ಪ್ಯಾಚ್ ಮಾಡಿದ (ಆ ತಪಾಸಣೆ ಬಿಡುವಂತೆ ತಿದ್ದಿದ) ಓಡಿನ್ 3.13.1, '3ಬಿ' ಆವೃತ್ತಿ.

ಮೊದಲು ಬೈನರಿ ಸಂಖ್ಯೆ (ಬೂಟ್‌ಲೋಡರ್‌ನ ಆವೃತ್ತಿ) ನೋಡಿ. ಫರ್ಮ್‌ವೇರ್ ಹೆಸರಿನ ಕೊನೆಯಿಂದ ಐದನೇ ಅಕ್ಷರವೇ ಅದು. ಫೋನಿನಲ್ಲಿರುವುದಕ್ಕಿಂತ ಕಡಿಮೆಯಿದ್ದರೆ ಬೂಟ್‌ಲೋಡರ್, ಅಂದರೆ ಫೋನನ್ನು ಶುರು ಮಾಡುವ ತಂತ್ರಾಂಶ, ಒಪ್ಪುವುದಿಲ್ಲ. ಪ್ಯಾಚ್ ಇದನ್ನು ಮೀರಲಾರದು. ಬ್ಯಾಕಪ್ ತೆಗೆದು, ಗೂಗಲ್ ಖಾತೆಯನ್ನು ಫೋನಿನಿಂದ ತೆಗೆದುಹಾಕಿ. ಇಲ್ಲದಿದ್ದರೆ ರೀಸೆಟ್ ಆದಮೇಲೆ ಹಳೆಯ ಪಾಸ್‌ವರ್ಡ್ ಕೇಳುತ್ತದೆ.

ಫೋನ್ ಆಫ್ ಮಾಡಿ ವಾಲ್ಯೂಮ್ ಡೌನ್, ಬಿಕ್ಸ್‌ಬಿ, ಪವರ್ ಒಟ್ಟಿಗೆ ಒತ್ತಿ ಹಿಡಿಯಿರಿ. ಎಚ್ಚರಿಕೆ ಬಂದಾಗ ವಾಲ್ಯೂಮ್ ಅಪ್ ಒತ್ತಿದರೆ ಡೌನ್‌ಲೋಡ್ ಮೋಡ್ ಬರುತ್ತದೆ; ಫೋನನ್ನು ಕಂಪ್ಯೂಟರ್‌ಗೆ ಜೋಡಿಸಿ. ಓಡಿನ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಬಿಎಲ್, ಎಪಿ, ಸಿಪಿ, ಸಿಎಸ್‌ಸಿ ಎಂಬ ನಾಲ್ಕು ಜಾಗಗಳಿಗೂ ಫರ್ಮ್‌ವೇರ್‌ನ ಅದೇ ಹೆಸರಿನ ಫೈಲ್ ತುಂಬಿ. ಎಪಿ ಫೈಲ್ ದೊಡ್ಡದು, ಓಡಿನ್ ಕೆಲಕಾಲ ಸ್ತಬ್ಧವಾದಂತೆ ಕಾಣುತ್ತದೆ, ಮುಚ್ಚಬೇಡಿ. ಸಿಎಸ್‌ಸಿ ಜಾಗದಲ್ಲಿ ಹೋಮ್ ಸಿಎಸ್‌ಸಿ ಬೇಡ: ಅದು ಹಳೆಯ ಡೇಟಾ ಉಳಿಸಿಕೊಳ್ಳುತ್ತದೆ, ಮಾಡೆಲ್ ಬದಲಾದಾಗ ಅದೇ ಬೂಟ್ ಲೂಪ್‌ಗೆ (ಫೋನ್ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಲೇ ಇರುವುದಕ್ಕೆ) ದಾರಿ. ಆಯ್ಕೆಗಳಲ್ಲಿ ಆಟೋ ರೀಬೂಟ್, ಎಫ್ ರೀಸೆಟ್ ಟೈಮ್ ಎರಡಕ್ಕೆ ಮಾತ್ರ ಟಿಕ್. ರೀಪಾರ್ಟಿಷನ್, ನ್ಯಾಂಡ್ ಇರೇಸ್ ಮುಟ್ಟಲೇಬಾರದು. ನಂತರ ಸ್ಟಾರ್ಟ್ ಒತ್ತಿ.

ಸಹಿ ಇರುವ ಮೂಲ ಫರ್ಮ್‌ವೇರ್ ಆದ್ದರಿಂದ ನಾಕ್ಸ್ (ಸ್ಯಾಮ್‌ಸಂಗ್‌ನ ಭದ್ರತಾ ವ್ಯವಸ್ಥೆ) ಕೆಡುವುದಿಲ್ಲ. ಬೇರೆ ಕಂಪನಿಯ ಸಿಮ್ ತಡೆಯುವ ಸಿಮ್ ಲಾಕ್ ಮಾತ್ರ ಇದರಿಂದ ತೆರೆಯದು; ಅದನ್ನು ಕ್ಯಾರಿಯರ್ ಮೂಲಕವೇ ಬಿಡಿಸಿಕೊಳ್ಳಬೇಕು.